ಟೋಪೋಸ್ವಾಲ್ಬಾರ್ಡ್: ಹೆಸರು ಹುಡುಕಲು ಹತ್ತಕ್ಕೆ ಒಂಬತ್ತು, ಹೆಜ್ಜೆ ಇಡಲು ಹತ್ತಕ್ಕೆ ಐದು

ನಾರ್ವೇಜಿಯನ್ ಪೋಲಾರ್ ಇನ್‌ಸ್ಟಿಟ್ಯೂಟ್ ಎರಡು ಉಚಿತ ಸೇವೆಗಳನ್ನು ನಡೆಸುತ್ತದೆ. ಒಂದು, ಟೋಪೋಸ್ವಾಲ್ಬಾರ್ಡ್ ಎಂಬ ನಕ್ಷೆ. ಇನ್ನೊಂದು, ಆ ನಕ್ಷೆಯ ಮೇಲಿನ ಒಂದೊಂದು ಹೆಸರಿನ ಜಾತಕವನ್ನೂ ಬರೆದಿಟ್ಟಿರುವ ಸ್ಥಳನಾಮ ಕೋಶ. ಎರಡಕ್ಕೂ ಲಾಗಿನ್ ಬೇಡ, ದುಡ್ಡು ಬೇಡ, ಬ್ರೌಸರ್ ಇದ್ದರೆ ಸಾಕು. ನಾರ್ವೇಜಿಯನ್ ಬಾರದವರಿಗೆ ಇಂಗ್ಲಿಷ್ ಪುಟಗಳಿವೆ. ಉತ್ತರ ಧ್ರುವದಿಂದ ಸುಮಾರು 1,300 ಕಿ.ಮೀ. ದೂರದಲ್ಲಿರುವ ಸ್ವಾಲ್ಬಾರ್ಡ್ ದ್ವೀಪಸಮೂಹದ ಬಗ್ಗೆ ಬರೆಯುವವರಿಗೆ, ಪಾಠ ಮಾಡುವವರಿಗೆ, ಅಲ್ಲಿಗೆ ಹೋಗಬೇಕೆಂದಿರುವವರಿಗೆ ಇದಕ್ಕಿಂತ ಒಳ್ಳೆಯ ಆಕರ ಸಿಗುವುದು ಕಷ್ಟ. ಆದರೆ ಇದನ್ನೇ ನಂಬಿ ಹಿಮದ ಮೇಲೆ ಕಾಲಿಡುವ ಮಾತು ಬೇರೆ. ಆ ಭಾಗಕ್ಕೆ ಅಂಕ ಕಡಿಮೆ ಕೊಡಲು ಕಾರಣಗಳಿವೆ, ಮುಂದೆ ಹೇಳುತ್ತೇವೆ.

ಗೂಗಲ್ ಮ್ಯಾಪ್ಸ್ ಇದ್ದೂ ಇದೇಕೆ ಎಂದು ಕೇಳುವವರಿಗೆ ಒಂದು ಲೆಕ್ಕ. ಗೂಗಲ್‌ನ ಸಪಾಟು ನಕ್ಷೆ ಮರ್ಕೇಟರ್ ಪ್ರಕ್ಷೇಪದ್ದು (ಪ್ರಕ್ಷೇಪ ಎಂದರೆ ಉರುಟು ಭೂಮಿಯನ್ನು ಸಪಾಟು ಹಾಳೆಗೆ ಇಳಿಸುವ ಬಗೆ). ಧ್ರುವದ ಕಡೆ ಹೋದಷ್ಟೂ ನೆಲ ಹಿಗ್ಗುತ್ತದೆ. 78 ಡಿಗ್ರಿ ಉತ್ತರದಲ್ಲಿ ಉದ್ದಳತೆ ಸುಮಾರು 4.8 ಪಟ್ಟು, ವಿಸ್ತೀರ್ಣ 23 ಪಟ್ಟು ಹಿಗ್ಗಿರುತ್ತದೆ. ಸ್ವಾಲ್ಬಾರ್ಡ್‌ನ ನಿಜವಾದ ವಿಸ್ತೀರ್ಣ ಸುಮಾರು 61,000 ಚದರ ಕಿ.ಮೀ. ಅಂದರೆ 1,91,791 ಚದರ ಕಿ.ಮೀ. ಇರುವ ಕರ್ನಾಟಕದ ಮೂರರಲ್ಲಿ ಒಂದು ಪಾಲಿಗೂ ತುಸು ಕಡಿಮೆ. ಆದರೆ ಆ ಸಪಾಟು ನಕ್ಷೆಯಲ್ಲಿ ಅದು ಕರ್ನಾಟಕದ ಆರು ಪಟ್ಟಿಗೂ ಮಿಗಿಲಾಗಿ ಕಾಣುತ್ತದೆ. ಟೋಪೋಸ್ವಾಲ್ಬಾರ್ಡ್ ಈ ಪ್ರದೇಶಕ್ಕೆಂದೇ ಹೊಂದಿಸಿದ ಪ್ರಕ್ಷೇಪವನ್ನು ಬಳಸುವುದರಿಂದ ಆಕಾರವೂ ದೂರವೂ ಸರಿಯಾಗಿ ಕಾಣುತ್ತವೆ. ಇನ್ನು ಹೆಸರುಗಳ ವಿಷಯದಲ್ಲಿ ಗೂಗಲ್ ಇದರ ಹತ್ತಿರವೂ ಸುಳಿಯುವುದಿಲ್ಲ. ಒಂದು ಸಣ್ಣ ಕೊಲ್ಲಿಗೆ, ಎರಡು ಹಿಮನದಿಗಳ ನಡುವಿನ ಬಂಡೆಗೆ ಕೂಡ ಇಲ್ಲಿ ಹೆಸರಿದೆ, ಆ ಹೆಸರು ಎಲ್ಲಿಂದ ಬಂತೆಂಬ ವಿವರವಿದೆ.

ಮೊದಲು ತೆರೆಯಬೇಕಾದ ನಮೂದು

ಸ್ಥಳನಾಮ ಕೋಶ ಎಂಥದ್ದೆಂದು ತಿಳಿಯಲು ಅದರಲ್ಲಿನ ಅತಿ ಜಟಿಲ ಹೆಸರನ್ನು ತೆಗೆದು ನೋಡಬೇಕು. ಇಲ್ಲಿ ಅದು 'ಸ್ವಾಲ್ಬಾರ್ಡ್' ಎಂಬ ಹೆಸರೇ. ಅದಕ್ಕೆ ಜೋಡಿಯಾಗಿ 'ಸ್ಪಿಟ್ಸ್‌ಬರ್ಗೆನ್'. ಈ ಎರಡರ ಗಂಟು ಬಿಡಿಸಿಕೊಳ್ಳದೆ ಕೋಶದ ಮಿಕ್ಕ ನಮೂದುಗಳನ್ನು ಓದಿದರೆ ಗೊಂದಲ ತಪ್ಪಿದ್ದಲ್ಲ.

ಐಸ್‌ಲ್ಯಾಂಡಿನ ಹಳೆಯ ವಾರ್ಷಿಕ ದಾಖಲೆಗಳಲ್ಲಿ 1194ನೇ ಇಸವಿಯ ಎದುರು 'ಸ್ವಾಲ್ಬಾರ್ದಿ ಸಿಕ್ಕಿತು' ಎಂಬ ಒಂದು ಸಾಲಿದೆ. ತಣ್ಣನೆಯ ಅಂಚು, ಚಳಿಯ ದಡ ಎಂದು ಅದರ ಅರ್ಥ. ಅದು ಈಗಿನ ಸ್ವಾಲ್ಬಾರ್ಡೇ ಅಥವಾ ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯೇ, ಯಾನ್ ಮಾಯೆನ್ ದ್ವೀಪವೇ ಎಂಬ ವಾದ ಇವತ್ತಿಗೂ ತೀರಿಲ್ಲ. ಖಚಿತವಾದ ದಾಖಲೆ ಸಿಗುವುದು 1596ರ ಜೂನ್‌ನಲ್ಲಿ. ಏಷ್ಯಾಕ್ಕೆ ಈಶಾನ್ಯದ ದಾರಿ ಹುಡುಕುತ್ತಿದ್ದ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಈ ಕರಾವಳಿಯನ್ನು ಕಂಡ. ಎದುರಿಗಿದ್ದ ಚೂಪು ಬೆಟ್ಟಗಳನ್ನು ನೋಡಿ 'ಸ್ಪಿಟ್ಸ್‌ಬರ್ಗೆನ್' ಎಂದು ಹೆಸರಿಟ್ಟ. ಅದಕ್ಕೆ ಕೆಲವೇ ದಿನ ಮುಂಚೆ ದಕ್ಷಿಣದ ಒಂಟಿ ದ್ವೀಪದಲ್ಲಿ ಅವನ ಹಡಗಿನವರು ಹಿಮಕರಡಿಯೊಂದನ್ನು ಕೊಂದಿದ್ದರು. ಅದು ಕರಡಿ ದ್ವೀಪವಾಯಿತು, ಇಂದಿನ ಬ್ಯೋರ್ನೋಯಾ. ಆಮೇಲೆ ಬಂದ ತಿಮಿಂಗಿಲ ಬೇಟೆಗಾರರಲ್ಲಿ ಹಲವರು ಇದು ಗ್ರೀನ್‌ಲ್ಯಾಂಡಿಗೆ ಅಂಟಿಕೊಂಡ ನೆಲವೆಂದೇ ತಿಳಿದು ಹಾಗೆಯೇ ಕರೆದರು. ಬಿಳಿ ಸಮುದ್ರದ ಕಡೆಯಿಂದ ಬಂದ ರಷ್ಯನ್ ಪೊಮೋರ್ ಬೇಟೆಗಾರರಿಗೆ ಇದು 'ಗ್ರುಮಾಂಟ್'.

1920ರ ಫೆಬ್ರುವರಿ 9ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಒಪ್ಪಂದ ಇಡೀ ದ್ವೀಪಸಮೂಹವನ್ನು ಸ್ಪಿಟ್ಸ್‌ಬರ್ಗೆನ್ ಎಂದೇ ಕರೆಯುತ್ತದೆ. 1925ರ ಆಗಸ್ಟ್ 14ರಂದು ನಾರ್ವೆ ಸಾರ್ವಭೌಮತ್ವ ವಹಿಸಿಕೊಂಡಾಗ ಹಳೆಯ ನಾರ್ಸ್ ಹೆಸರನ್ನು ಎತ್ತಿ ತಂದು ದ್ವೀಪಸಮೂಹಕ್ಕೆ ಸ್ವಾಲ್ಬಾರ್ಡ್ ಎಂದು ಇಟ್ಟಿತು. ದೊಡ್ಡ ದ್ವೀಪ 'ಪಶ್ಚಿಮ ಸ್ಪಿಟ್ಸ್‌ಬರ್ಗೆನ್' ಆಗಿ ಉಳಿಯಿತು. 1969ರಲ್ಲಿ 'ಪಶ್ಚಿಮ' ಉದುರಿತು. ಹಾಗಾಗಿ 1925ಕ್ಕೆ ಮುಂಚಿನ ಪುಸ್ತಕದಲ್ಲಿ ಸ್ಪಿಟ್ಸ್‌ಬರ್ಗೆನ್ ಎಂದರೆ ಎಲ್ಲ ದ್ವೀಪಗಳೂ ಸೇರಿ. 1969ರ ನಂತರದ ನಾರ್ವೆಯ ನಕ್ಷೆಯಲ್ಲಿ ಅದು ಒಂದೇ ದ್ವೀಪ. ರಷ್ಯನ್ ಬರಹಗಳಲ್ಲಿ ಇಂದಿಗೂ ಇಡೀ ಸಮೂಹವೇ 'ಶ್ಪಿಟ್ಸ್‌ಬರ್ಗೆನ್'. ಹೆಸರಿನ ನಡುವಿನ 'ಎಸ್' ಅಕ್ಷರದ ಜಾಗದಲ್ಲಿ ಜರ್ಮನ್ ಶೈಲಿಯ 'ಝಡ್' ಹಾಕಿ ಬರೆದದ್ದು ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಬೇಕಾದಷ್ಟಿದೆ, ಅದು ತಪ್ಪು ರೂಪ. ಹುಡುಕುವಾಗ ಇದು ನೆನಪಿರಲಿ.

ಹೆಸರು ಬದಲಾದದ್ದು ಸುಮ್ಮನೆ ಅಲ್ಲ. ಯಾರ ಆಡಳಿತಕ್ಕೂ ಸೇರದೆ ಮುನ್ನೂರು ವರ್ಷ ಇದ್ದ ನೆಲಕ್ಕೆ ಇದು ನಮ್ಮ ಹಿರಿಯರು ಕಂಡದ್ದು ಎನ್ನುವ ಮುದ್ರೆ ನಾರ್ವೆಗೆ ಬೇಕಿತ್ತು. ಒಪ್ಪಂದ ಮಾತ್ರ ಆ ಮುದ್ರೆಗೆ ಮಿತಿ ಹಾಕಿದೆ. ಸಹಿ ಹಾಕಿದ ದೇಶಗಳ ಪ್ರಜೆಗಳೆಲ್ಲರಿಗೂ ಅಲ್ಲಿ ವಾಸಿಸಲು, ವ್ಯಾಪಾರ ಮಾಡಲು ಸಮಾನ ಹಕ್ಕು. ಯುದ್ಧದ ಉದ್ದೇಶಕ್ಕೆ ದ್ವೀಪಗಳನ್ನು ಬಳಸುವಂತಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ಭಾಗವಾಗಿ ಭಾರತದ ಪರವಾಗಿಯೂ 1920ರಲ್ಲೇ ಸಹಿ ಬಿದ್ದಿತ್ತು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಸ್ವಾಲ್ಬಾರ್ಡ್‌ನಲ್ಲಿ ಇರಲು ವೀಸಾ ಬೇಡ; ಸಹಿ ಹಾಕದ ದೇಶಗಳವರಿಗೂ ಬೇಡ. ಆದರೆ ಅಲ್ಲಿಗೆ ವಿಮಾನ ಹೋಗುವುದು ಓಸ್ಲೋ ಅಥವಾ ಟ್ರೊಮ್ಸೋದಿಂದ. ಅವು ಶೆಂಗೆನ್‌ಗೆ, ಅಂದರೆ ಒಂದೇ ವೀಸಾದ ಯುರೋಪ್ ದೇಶಗಳ ಕೂಟಕ್ಕೆ, ಸೇರಿದವು, ಸ್ವಾಲ್ಬಾರ್ಡ್ ಸೇರಿಲ್ಲ. ಹೋಗುವಾಗ ಶೆಂಗೆನ್‌ನಿಂದ ಹೊರಬಿದ್ದು, ಬರುವಾಗ ಮತ್ತೆ ಒಳಹೊಗಬೇಕು. ಸಿಂಗಲ್ ಎಂಟ್ರಿ ವೀಸಾ ತೆಗೆದುಕೊಂಡವರು ವಾಪಸು ಬರುವಾಗ ಸಿಕ್ಕಿಬೀಳುತ್ತಾರೆ. ಅರ್ಜಿಯಲ್ಲೇ ಡಬಲ್ ಅಥವಾ ಮಲ್ಟಿಪಲ್ ಎಂಟ್ರಿ ಕೇಳಿ.

ಹುಡುಕುವ ಬಗೆ

ನಕ್ಷೆಯಲ್ಲಿರುವ ಹುಡುಕು ಪೆಟ್ಟಿಗೆಗೆ ಹೆಸರನ್ನೂ ಕೊಡಬಹುದು, ಅಕ್ಷಾಂಶ-ರೇಖಾಂಶವನ್ನೂ ಕೊಡಬಹುದು. ಕೋಶದ ನಮೂದಿನಲ್ಲಿ ಸಿಗುವುದು: ಹೆಸರಿನ ಈಗಿನ ಅಧಿಕೃತ ರೂಪ, ಅದು ಯಾವ ಬಗೆಯ ನೆಲ, ಎಲ್ಲಿದೆ ಎಂಬ ಒಂದೆರಡು ಸಾಲು, ಸ್ಥಾನಾಂಕ, ಹೆಸರಿನ ಮೂಲ, ಮತ್ತು ಅಧಿಕೃತವೋ ಐತಿಹಾಸಿಕವೋ ಎಂಬ ಸ್ಥಿತಿ. ಕೊನೆಯದನ್ನು ಜನ ನೋಡುವುದೇ ಇಲ್ಲ, ನೋಡಲೇಬೇಕು. 'ಐತಿಹಾಸಿಕ' ಎಂದಿದ್ದರೆ ಆ ಹೆಸರು ಹಳೆಯ ನಕ್ಷೆಯಲ್ಲಿ ಇತ್ತು, ಈಗ ಬಳಕೆಯಲ್ಲಿಲ್ಲ ಎಂದರ್ಥ. ಅದನ್ನು ಇಂದಿನ ಬರಹದಲ್ಲಿ ಹಾಗೇ ಹಾಕಿದರೆ ಓದುವವರಿಗೆ ಯಾವ ನಕ್ಷೆಯಲ್ಲೂ ಆ ಜಾಗ ಸಿಗುವುದಿಲ್ಲ.

ಕೋಶದ ವಿವರಣೆಗಳಲ್ಲಿ ಬಹುಪಾಲು 1942ರಲ್ಲಿ ಪುಸ್ತಕರೂಪದಲ್ಲಿ ಬಂದ ಸ್ವಾಲ್ಬಾರ್ಡ್ ಸ್ಥಳನಾಮ ಕೋಶದಿಂದ ಇಳಿದು ಬಂದವು. ಹಾಗಾಗಿ ಭಾಷೆ ಮೊಟಕು, ಒಣಕಲು. ಅದೇ ಒಳ್ಳೆಯದು. ಹೆಸರಿಗೆ ಕತೆ ಕಟ್ಟುವ ಚಪಲ ಇಲ್ಲಿಲ್ಲ. ಹಡಗಿನ ಹೆಸರಿದ್ದರೆ ಹಡಗಿನ ಹೆಸರು, ಮೇಲಧಿಕಾರಿಯ ಹೆಸರಿದ್ದರೆ ಮೇಲಧಿಕಾರಿಯ ಹೆಸರು, ಅಷ್ಟೆ.

ನಾರ್ವೇಜಿಯನ್ ಗೊತ್ತಿಲ್ಲದವರು ಹತ್ತು ಬಾಲಗಳನ್ನು ಕಲಿತರೆ ಮುಕ್ಕಾಲು ನಕ್ಷೆ ಓದಬಹುದು. ಹೆಸರಿನ ಕೊನೆಗೆ 'ಬ್ರೇನ್' ಇದ್ದರೆ ಹಿಮನದಿ, 'ಫೊನ್ನಾ' ಇದ್ದರೆ ಹಿಮದ ದೊಡ್ಡ ಹೊದಿಕೆ, 'ಫ್ಯೆಲ್ಲೆ' ಬೆಟ್ಟ, 'ಟೊಪ್ಪೆನ್' ಶಿಖರ, 'ದಾಲೆನ್' ಕಣಿವೆ, 'ಓಯಾ' ದ್ವೀಪ, 'ಹಾಲ್ವೋಯಾ' ಪರ್ಯಾಯ ದ್ವೀಪ, 'ಬುಕ್ತಾ' ಸಣ್ಣ ಕೊಲ್ಲಿ, 'ಹಾಮ್ನಾ' ಹಡಗು ನಿಲ್ಲುವ ತಾಣ, 'ಒದ್ದೆನ್' ಚಾಚು ನೆಲ. ಬಾಲ ಬದಲಾದರೆ ಜಾಗವೇ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ಈಶಾನ್ಯ ಮಾರ್ಗವನ್ನು ವೇಗಾ ಹಡಗಿನಲ್ಲಿ 1878–79ರಲ್ಲಿ ಮೊದಲು ದಾಟಿದ ಅಡಾಲ್ಫ್ ಎರಿಕ್ ನೂರ್ಡೆನ್‌ಶೆಲ್ಡ್‌ನ ಹೆಸರಿನಲ್ಲಿ ಸ್ವಾಲ್ಬಾರ್ಡ್‌ನ ಮುಖ್ಯ ಊರು ಲಾಂಗ್‌ಇಯರ್‌ಬ್ಯೇನ್‌ನ ಮಗ್ಗುಲಲ್ಲೇ ಒಂದು ಬೆಟ್ಟವಿದೆ; ಆ ಊರು ಇರುವ ಇಡೀ ಭೂಭಾಗಕ್ಕೂ ಅವನದೇ ಹೆಸರು; ಅವನ ಹೆಸರಿನ ಹಿಮನದಿಯೊಂದು ಮಾತ್ರ ಹತ್ತಾರು ಕಿ.ಮೀ. ಆಚೆ, ಪಿರಮಿಡೆನ್ ಎಂಬ ಪಾಳುಬಿದ್ದ ಸೋವಿಯತ್ ಗಣಿ ಊರಿನ ಎದುರು ದಡದಲ್ಲಿದೆ. ಪ್ರವಾಸಿ ಬ್ಲಾಗುಗಳಲ್ಲಿ ಈ ಮೂರೂ ಕಲಸಿಹೋಗಿರುವುದು ಸಾಮಾನ್ಯ. ಬಾಲ ಸಮೇತ ಪೂರ್ತಿ ಹೆಸರು ಹಾಕಿ ಹುಡುಕುವುದೊಂದೇ ದಾರಿ.

ಅಕ್ಷರಗಳ ತೊಡಕು ಬೇರೆ. 'ಎ' ಮೇಲೆ ಸಣ್ಣ ಸೊನ್ನೆ ಇಟ್ಟ ಅಕ್ಷರ ಮತ್ತು ಅಡ್ಡಗೀಟು ಹೊಡೆದ 'ಒ', ಈ ಎರಡು ನಮ್ಮ ಕೀಬೋರ್ಡಿನಲ್ಲಿ ನೇರವಾಗಿ ಇಲ್ಲ. ಮೊಬೈಲಿನ ಇಂಗ್ಲಿಷ್ ಕೀಬೋರ್ಡಿನಲ್ಲಿ 'ಎ' ಅಥವಾ 'ಒ' ಒತ್ತಿ ಹಿಡಿದರೆ ಬರುತ್ತವೆ. ಕಂಪ್ಯೂಟರಿನಲ್ಲಿ ಬೇರೆಲ್ಲಿಂದಲೋ ನಕಲು ಮಾಡಿ ಅಂಟಿಸುವುದು ಸುಲಭ. ಅಕಾರಾದಿ ಪಟ್ಟಿ ನೋಡುವವರಿಗೆ ಇನ್ನೊಂದು ಮಾತು: ನಾರ್ವೇಜಿಯನ್‌ನಲ್ಲಿ ಈ ಅಕ್ಷರಗಳು 'ಝಡ್' ಆದಮೇಲೆ, ಪಟ್ಟಿಯ ತೀರಾ ಕೊನೆಗೆ ಬರುತ್ತವೆ. ಉಚ್ಚಾರದಲ್ಲಿ ಸೊನ್ನೆ ಹೊತ್ತ 'ಎ' ನಮ್ಮ 'ಓ'ಗೆ ಹತ್ತಿರ. ಹಾಗಾಗಿ ಭಾರತದ ಸಂಶೋಧನಾ ಕೇಂದ್ರ ಇರುವ ಊರನ್ನು ಕನ್ನಡದಲ್ಲಿ 'ನೀ-ಓಲೆಸುಂಡ್' ಎಂದು ಬರೆಯುವುದು ಮೇಲು, 'ಅಲೆಸುಂಡ್' ಅಲ್ಲ.

ಕೋಶ ಗೆಲ್ಲುವ ಜಾಗಗಳು

ನಾಲ್ಕೈದು ನಮೂದುಗಳು ಸಾಕು, ಇದರ ಬೆಲೆ ತಿಳಿಯಲು. ಲಾಂಗ್‌ಇಯರ್‌ಬ್ಯೇನ್ ಎದುರಿನ ಆಡ್ವೆಂಟ್‌ಫ್ಯೋರ್ಡೆನ್ ತೆಗೆದುಕೊಳ್ಳಿ. ಫ್ಯೋರ್ಡ್ ಎಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಸಮುದ್ರದ ತೋಳು. ಕ್ರಿಸ್‌ಮಸ್‌ಗೆ ಮುಂಚಿನ ಆಡ್ವೆಂಟ್ ದಿನಗಳಲ್ಲಿ ಯಾರೋ ಬಂದಿಳಿದಿರಬೇಕು ಎಂದು ಓದಿದವರೂ ಊಹಿಸುತ್ತಾರೆ. ಡಿಸೆಂಬರಿನ ಕಗ್ಗತ್ತಲಲ್ಲಿ 17ನೇ ಶತಮಾನದ ಯಾವ ಹಡಗು ಅಲ್ಲಿಗೆ ಬಂದೀತು? ಅದು 'ಅಡ್ವೆಂಚರ್ ಬೇ' ಎಂಬ ಇಂಗ್ಲಿಷ್ ಹೆಸರು ಸವೆದು ಆದದ್ದು. 1656ರಲ್ಲಿ ಬಂದ ತಿಮಿಂಗಿಲ ಬೇಟೆಯ ಹಡಗು ಅಡ್ವೆಂಚರ್. ದಕ್ಷಿಣದ ಹೋರ್ನ್‌ಸುಂಡ್ ಎಂಬ ಫ್ಯೋರ್ಡಿನ ಹೆಸರಿಗೂ ಅಲ್ಲಿನ ಕೋಡುಗಲ್ಲಿನ ಬೆಟ್ಟಗಳಿಗೂ ಸಂಬಂಧವಿಲ್ಲ. 1610ರಲ್ಲಿ ಇಂಗ್ಲಿಷ್ ಕಪ್ತಾನ ಜೋನಾಸ್ ಪೂಲ್‌ನ ನಾವಿಕರು ದಡದಿಂದ ಹಿಮಸಾರಂಗದ ಕೊಂಬೊಂದನ್ನು ತಂದದ್ದೇ ಕಾರಣ. ಅತಿ ಎತ್ತರದ ಶಿಖರ 1,713 ಮೀಟರಿನ ನ್ಯೂಟನ್‌ಟೊಪ್ಪೆನ್. ಇಲ್ಲಿಗೆ ನ್ಯೂಟನ್ ಹೇಗೆ ಬಂದ? 1899ರಿಂದ 1902ರವರೆಗೆ ಸ್ವೀಡನ್ ಮತ್ತು ರಷ್ಯಾ ಸೇರಿ ಇಲ್ಲಿ ರೇಖಾಂಶದ ಕಮಾನನ್ನು, ಅಂದರೆ ಉತ್ತರ-ದಕ್ಷಿಣ ಗೆರೆಯ ಒಂದು ತುಂಡಿನ ಉದ್ದವನ್ನು, ಅಳೆದವು. ಭೂಮಿ ಧ್ರುವದ ಬಳಿ ಎಷ್ಟು ಚಪ್ಪಟೆ ಎಂದು ತಿಳಿಯುವುದು ಉದ್ದೇಶ; ಚಪ್ಪಟೆ ಇರಬೇಕೆಂದು ಮೊದಲು ಲೆಕ್ಕ ಹಾಕಿ ಹೇಳಿದವನು ನ್ಯೂಟನ್. ಹೆಸರು ಗೌರವಕ್ಕೆ ಇಟ್ಟದ್ದು ಮಾತ್ರವಲ್ಲ, ಅಲ್ಲಿ ನಡೆದ ಕೆಲಸದ ದಾಖಲೆಯೂ ಹೌದು. ಈ ಬಗೆಯ ಕೊಂಡಿ ಬೇರೆ ಯಾವ ನಕ್ಷೆಯಲ್ಲೂ ಸಿಗುವುದಿಲ್ಲ.

ಲಾಂಗ್‌ಇಯರ್‌ಬ್ಯೇನ್‌ನ ಹೆಸರಿನ ಹಿಂದೆ ಇರುವುದು ಕಲ್ಲಿದ್ದಲು. ಜಾನ್ ಮನ್ರೋ ಲಾಂಗ್‌ಇಯರ್ ಎಂಬ ಅಮೆರಿಕನ್ ಉದ್ಯಮಿ 1906ರಲ್ಲಿ ಇಲ್ಲಿ ಗಣಿ ಕಂಪನಿ ತೆರೆದ. ಊರು 'ಲಾಂಗ್‌ಇಯರ್ ಸಿಟಿ' ಆಯಿತು. 1916ರಲ್ಲಿ ನಾರ್ವೆಯ ಸ್ಟೂರೆ ನೋರ್ಸ್ಕೆ ಕಂಪನಿ ಅದನ್ನು ಕೊಂಡಿತು, 1926ರಲ್ಲಿ 'ಸಿಟಿ' ಹೋಗಿ 'ಬ್ಯೇನ್' ಬಂತು. ಅದರ ಪಕ್ಕದ ಪ್ಲಾಟೋಬರ್ಗೆ ಎಂಬ ಸಪಾಟು ಬೆಟ್ಟದ ಇಳಿಜಾರಿನಲ್ಲಿ 2008ರ ಫೆಬ್ರುವರಿ 26ರಂದು ತೆರೆದ ಜಾಗತಿಕ ಬೀಜ ಭಂಡಾರವಿದೆ. ಹೈದರಾಬಾದಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕೂಡ ಅಲ್ಲಿ ಬೀಜಗಳನ್ನು ಇಟ್ಟಿದೆ.

ಆದರೆ ಎಲ್ಲಕ್ಕಿಂತ ಸ್ವಾರಸ್ಯದ ನಮೂದು ಬ್ಲೊಮ್‌ಸ್ಟ್ರಾಂಡ್‌ಹಾಲ್ವೋಯಾ. ನೀ-ಓಲೆಸುಂಡ್ ಎದುರಿಗೆ, ಕೊಂಗ್ಸ್‌ಫ್ಯೋರ್ಡೆನ್‌ನ ಉತ್ತರ ದಡದಲ್ಲಿದೆ. ಬಾಲ ನೋಡಿದರೆ ಪರ್ಯಾಯ ದ್ವೀಪ. ನಕ್ಷೆ ನೋಡಿದರೆ ಸುತ್ತಲೂ ನೀರು. ತಪ್ಪು ನಕ್ಷೆಯದ್ದೂ ಅಲ್ಲ, ಕೋಶದ್ದೂ ಅಲ್ಲ. ಹೆಸರಿಟ್ಟಾಗ ಬ್ಲೊಮ್‌ಸ್ಟ್ರಾಂಡ್‌ಬ್ರೇನ್ ಹಿಮನದಿ ಅದನ್ನು ಮುಖ್ಯ ನೆಲಕ್ಕೆ ಬೆಸೆದಿತ್ತು. ಹಿಮನದಿ ಹಿಂದೆ ಸರಿದು 1990ರ ದಶಕದಲ್ಲಿ ಅದು ದ್ವೀಪವಾಯಿತು. ಹೆಸರು ಹಾಗೇ ಉಳಿಯಿತು. ಇದೇ ತುಂಡು ನೆಲದಲ್ಲಿ 1911ರಲ್ಲಿ ಅರ್ನೆಸ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಇಂಗ್ಲಿಷಿನವನು ಅಮೃತಶಿಲೆ ಗಣಿ ತೆಗೆದು 'ನೀ-ಲಂಡನ್' ಎಂದು ಕರೆದ. ಸಾವಿರಾರು ವರ್ಷ ಹೆಪ್ಪುಗಟ್ಟಿ ಕರಗಿ ಬಿರುಕುಬಿಟ್ಟಿದ್ದ ಕಲ್ಲು ಪುಡಿಯಾಗುತ್ತಿತ್ತು, ಉದ್ಯಮ ಮುಳುಗಿತು. ಯಂತ್ರಗಳ ತುಕ್ಕು ಇಂದೂ ಅಲ್ಲೇ ಇದೆ.

ಇಂಥದ್ದನ್ನು ಕಣ್ಣಾರೆ ಹೋಲಿಸಲು ಇನ್ನೊಂದು ಅನುಕೂಲವಿದೆ. 1936 ಮತ್ತು 1938ರ ಬೇಸಿಗೆಗಳಲ್ಲಿ ನಾರ್ವೆಯವರು ವಿಮಾನದಿಂದ ಓರೆಯಾಗಿ ತೆಗೆದ ಸಾವಿರಾರು ಚಿತ್ರಗಳಿವೆ. ಟೋಪೋಸ್ವಾಲ್ಬಾರ್ಡ್‌ನಲ್ಲಿ 1936ರ ಚಿತ್ರಗಳನ್ನು ತೆರೆದು ಪಕ್ಕದಲ್ಲಿ ಇತ್ತೀಚಿನ ಚಿತ್ರ ಮತ್ತು ಮೂರು ಆಯಾಮದ ನೋಟ ಇಟ್ಟುಕೊಂಡರೆ ಹಿಮನದಿಯ ಮೂತಿ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂದು ಬೆರಳಿಟ್ಟು ತೋರಿಸಬಹುದು. ಇದೇ ಚಿತ್ರ ಸಂಗ್ರಹದಿಂದ 1,500ಕ್ಕೂ ಹೆಚ್ಚು ಹಿಮನದಿಗಳ ಹಳೆಯ ಎತ್ತರವನ್ನು ಲೆಕ್ಕ ಹಾಕಿದ ಅಧ್ಯಯನ 2022ರಲ್ಲಿ ಬಂದಿದೆ. ಹೈಸ್ಕೂಲಿನಲ್ಲಿ ಹವಾಮಾನ ಬದಲಾವಣೆ ಪಾಠ ಮಾಡುವವರಿಗೆ ಪ್ರೊಜೆಕ್ಟರ್ ಒಂದಿದ್ದರೆ ಇದೊಂದೇ ಸಾಕು, ಬೇರೆ ಸ್ಲೈಡು ಬೇಡ.

ಭಾರತದ ಓದುಗರಿಗೆ ಕೊಂಗ್ಸ್‌ಫ್ಯೋರ್ಡೆನ್ ಮುಖ್ಯ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ನಡೆಸುವ 'ಹಿಮಾದ್ರಿ' 2008ರ ಜುಲೈ 1ರಂದು ನೀ-ಓಲೆಸುಂಡ್‌ನಲ್ಲಿ ಶುರುವಾಯಿತು. 2014ರಲ್ಲಿ 'ಇಂಡಾರ್ಕ್' ಎಂಬ ಉಪಕರಣಗಳ ಸರಪಳಿಯನ್ನು ಇದೇ ಫ್ಯೋರ್ಡಿನ ನೀರಿಗೆ ಇಳಿಸಿದರು. 2023ರ ಡಿಸೆಂಬರಿನಿಂದ ಚಳಿಗಾಲದಲ್ಲೂ ವಿಜ್ಞಾನಿಗಳನ್ನು ಕಳಿಸಲಾಗುತ್ತಿದೆ. ಆರ್ಕ್ಟಿಕ್‌ನಲ್ಲಿ ಹಿಮ ಮತ್ತು ಸಮುದ್ರ ಬದಲಾಗುವುದಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ಹುಡುಕುವುದು ಅಲ್ಲಿನ ಕೆಲಸಗಳಲ್ಲಿ ಒಂದು. ಹಿಮಾದ್ರಿ ಎಂಬುದು ಕಟ್ಟಡದ ಹೆಸರು, ಬೆಟ್ಟದ್ದಲ್ಲ. ಆದ್ದರಿಂದ ಊರಿನ ಹೆಸರು ಹಾಕಿ ಹುಡುಕಿ. ಸ್ಥಾನಾಂಕ 78.92 ಉತ್ತರ, 11.93 ಪೂರ್ವ. ಫ್ಯೋರ್ಡಿನ ತಲೆಯ ಕಡೆ ಕಾಣುವ ಮೂರು ಶಿಖರಗಳು ಸ್ವೇಆ, ನೂರಾ, ದಾನಾ: ಸ್ವೀಡನ್, ನಾರ್ವೆ, ಡೆನ್ಮಾರ್ಕ್. ಮೂರೂ ಸೇರಿ 'ಮೂರು ಕಿರೀಟ'.

ಕೈಕೊಡುವುದೆಲ್ಲಿ

ಮೊದಲನೆಯದು, ಸ್ಥಾನಾಂಕ ಓದುವಲ್ಲಿ. 78 ಡಿಗ್ರಿ 13 ಮಿನಿಟು ಎಂಬುದನ್ನು 78.13 ಎಂದು ಟೈಪು ಮಾಡುವವರು ಬಹಳ. ಸರಿಯಾದ ದಶಮಾಂಶ ರೂಪ 78.2167. ಈ ಒಂದು ತಪ್ಪಿಗೆ ಜಾಗ ಒಂಬತ್ತೂವರೆ ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಜಾರುತ್ತದೆ. ರೇಖಾಂಶದಲ್ಲಿ ಪೆಟ್ಟು ಕಡಿಮೆ: ಬೆಂಗಳೂರಿನಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 108 ಕಿ.ಮೀ., ಲಾಂಗ್‌ಇಯರ್‌ಬ್ಯೇನ್‌ನಲ್ಲಿ ಬರೀ 23.

ಎರಡನೆಯದು ಯುಟಿಎಂ ವಲಯ. ಯುಟಿಎಂ ಎಂದರೆ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ, ಅಂದರೆ ವಲಯಗಳಾಗಿ ಹಂಚಿ, ಜಾಗವನ್ನು ಮೀಟರ್ ಲೆಕ್ಕದಲ್ಲಿ ಹೇಳುವ ಪದ್ಧತಿ. ಸ್ವಾಲ್ಬಾರ್ಡ್‌ಗೆ ಇಲ್ಲಿ ವಿಶೇಷ ಏರ್ಪಾಡಿದೆ: 31, 33, 35, 37 ಎಂಬ ವಲಯಗಳು ಮಾತ್ರ ಇವೆ; 32, 34, 36 ಇಲ್ಲವೇ ಇಲ್ಲ. 33ನೇ ವಲಯ 9ರಿಂದ 21 ಡಿಗ್ರಿ ಪೂರ್ವದವರೆಗೆ. ಸಂಸ್ಥೆಯ ಡಿಜಿಟಲ್ ದತ್ತಾಂಶ ಮಾತ್ರ ಇಡೀ ದ್ವೀಪಸಮೂಹಕ್ಕೆ 33ನ್ನೇ ಹಿಗ್ಗಿಸಿ ಬಳಸುತ್ತದೆ. ಕೈಯಲ್ಲಿನ ಜಿಪಿಎಸ್ ತನ್ನಷ್ಟಕ್ಕೆ ವಲಯ ಆರಿಸಿಕೊಳ್ಳುವಂತಿದ್ದರೆ 21 ಡಿಗ್ರಿ ದಾಟಿದ ಕೂಡಲೇ ಅದು 35ಕ್ಕೆ ಹಾರುತ್ತದೆ, ಎರಡರ ಅಂಕಿಗಳೂ ತಾಳೆಯಾಗುವುದಿಲ್ಲ. ಪೂರ್ವದ ದ್ವೀಪಗಳಿಗೆ ಅಕ್ಷಾಂಶ-ರೇಖಾಂಶವನ್ನೇ ಬಳಸುವುದು ಕ್ಷೇಮ. ಇದರ ಜೊತೆಗೆ ಹಳೆಯ ಮುದ್ರಿತ ಹಾಳೆಗಳು ಇಡಿ50 ಎಂಬ ಹಳೆಯ ಆಧಾರದ ಮೇಲಿವೆ. ಆಧಾರ (ಡೇಟಮ್) ಎಂದರೆ ಸ್ಥಾನಾಂಕಗಳನ್ನು ಎಲ್ಲಿಂದ, ಹೇಗೆ ಅಳೆಯಬೇಕೆಂಬ ನೆಲೆಗಟ್ಟು. ಅದರಿಂದ ಓದಿದ ಅಂಕಿಯನ್ನು ಡಬ್ಲ್ಯುಜಿಎಸ್84 ಎಂಬ ಈಗಿನ ಆಧಾರಕ್ಕೆ ಹೊಂದಿಸಿದ ಜಿಪಿಎಸ್‌ಗೆ ನೇರ ಕೊಟ್ಟರೆ ಜಾಗ ನೂರು ಮೀಟರಿಗೂ ಮಿಕ್ಕಿ ತಪ್ಪುತ್ತದೆ. ಮಂಜು ಕವಿದಾಗ ಬಂಡೆಯ ಅಂಚಿಗೂ ದಾರಿಗೂ ಅಷ್ಟು ಅಂತರವೂ ಇರುವುದಿಲ್ಲ. ಹಾಳೆಯ ಅಂಚಿನಲ್ಲಿ ಆಧಾರದ ಹೆಸರು ಅಚ್ಚಾಗಿರುತ್ತದೆ, ಮೊದಲು ಅದನ್ನು ಓದಿ.

ಮೂರನೆಯದು ಎತ್ತರ. 1:1,00,000 ಅಳತೆಯ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ನಡುವಿನ ಅಂತರ 50 ಮೀಟರ್. ಅಂದರೆ 40 ಮೀಟರಿನ ಕಡಿದಾದ ಬಂಡೆ ಎರಡು ರೇಖೆಗಳ ನಡುವೆ ಅಡಗಿ ಕೂರಬಹುದು. ಇಳಿಜಾರು ಸೌಮ್ಯವಾಗಿದೆ ಎಂದು ನಕ್ಷೆ ನೋಡಿ ತೀರ್ಮಾನಿಸಬೇಡಿ. ವಿಮಾನ ಚಿತ್ರದ ಪದರ ಹಾಕಿ ನೆರಳುಗಳನ್ನು ನೋಡಿ.

ಹಿಮನದಿಯ ಅಂಚು ಇನ್ನೂ ಅಪಾಯದ್ದು. ನಕ್ಷೆಯಲ್ಲಿನ ಗೆರೆ ಯಾವುದೋ ಒಂದು ವರ್ಷದ ಚಿತ್ರದಿಂದ ಎಳೆದದ್ದು. ಆಮೇಲೆ ಅಂಚು ಹಿಂದೆ ಸರಿದಿರಬಹುದು. ಸ್ವಾಲ್ಬಾರ್ಡ್‌ನಲ್ಲಿ ಥಟ್ಟನೆ ಮುನ್ನುಗ್ಗುವ ಬಗೆಯ ಹಿಮನದಿಗಳೂ ಬಹಳ ಇರುವುದರಿಂದ ಮುಂದಕ್ಕೂ ಬಂದಿರಬಹುದು, ಆಗ ಮೈತುಂಬ ಬಿರುಕು. ಹಿಮ ಮುಚ್ಚಿದ ಬಿರುಕು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. ಸಮುದ್ರದ ಮೇಲಿನ ಮಂಜುಗಡ್ಡೆಗೂ ಈ ನಕ್ಷೆ ಆಗದು. ಅದಕ್ಕೆ ನಾರ್ವೆಯ ಹವಾಮಾನ ಸಂಸ್ಥೆ ಕೆಲಸದ ದಿನಗಳಲ್ಲಿ ಹೊರಡಿಸುವ ಮಂಜುಗಡ್ಡೆ ನಕ್ಷೆಯೇ ಬೇಕು.

ಇನ್ನು ಎಲ್ಲರೂ ಮರೆಯುವ ಸಂಗತಿ: ಇದು ಆನ್‌ಲೈನ್ ಸೇವೆ. ಊರುಗಳ ಆಚೆ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ, ಬಹುತೇಕ ಕಡೆ ಇಲ್ಲವೇ ಇಲ್ಲ. ನೀ-ಓಲೆಸುಂಡ್‌ನಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಅಲ್ಲಿನ ರೇಡಿಯೋ ದೂರದರ್ಶಕದ ಸಲುವಾಗಿ ಸುತ್ತ 20 ಕಿ.ಮೀ.ವರೆಗೆ 2ರಿಂದ 32 ಗಿಗಾಹರ್ಟ್ಸ್ ತರಂಗಗಳಿಗೆ ನಿಷೇಧ. ವೈಫೈ, ಬ್ಲೂಟೂತ್ ಎರಡೂ ಇದರೊಳಗೇ ಬರುವುದರಿಂದ ಹಡಗು ಇಳಿಯುವ ಮುಂಚೆಯೇ ಫೋನ್, ಸ್ಮಾರ್ಟ್ ವಾಚ್, ವೈರ್‌ಲೆಸ್ ಇಯರ್‌ಫೋನ್ ಎಲ್ಲವನ್ನೂ ಫ್ಲೈಟ್ ಮೋಡಿಗೆ ಹಾಕಬೇಕು. ಆದ್ದರಿಂದ ಹೊರಡುವ ಮುಂಚೆ ಸಂಸ್ಥೆಯ ದತ್ತಾಂಶ ಪುಟದಿಂದ ನಕ್ಷೆಯನ್ನು ಇಳಿಸಿಕೊಂಡು ಕ್ಯುಜಿಐಎಸ್‌ನಂಥ ನಕ್ಷೆ ತಂತ್ರಾಂಶದಲ್ಲಿ ಬೇಕಾದ ಭಾಗವನ್ನು ಅಳತೆಪಟ್ಟಿ ಮತ್ತು ಚೌಕಗೆರೆ ಸಮೇತ ಮುದ್ರಿಸಿಕೊಳ್ಳಿ. ಬ್ರೌಸರಿನಿಂದ ನೇರ ಪ್ರಿಂಟ್ ಕೊಟ್ಟರೆ ಅಳತೆ ಕೆಡುತ್ತದೆ, ಸೆಂಟಿಮೀಟರಿಗೆ ಎಷ್ಟು ಕಿಲೋಮೀಟರ್ ಎಂಬುದು ದೇವರಿಗೇ ಗೊತ್ತು. ಚಳಿಗೆ ಫೋನಿನ ಬ್ಯಾಟರಿ ಬೇಗ ಕುಸಿಯುತ್ತದೆ. ಜಲನಿರೋಧಕ ಕವಚದಲ್ಲಿಟ್ಟ ಕಾಗದಕ್ಕೆ ಆ ತೊಂದರೆ ಇಲ್ಲ.

ಕಾನೂನಿನ ಗಡಿಗಳಿಗೂ ಟೋಪೋಸ್ವಾಲ್ಬಾರ್ಡನ್ನು ನೆಚ್ಚಬೇಡಿ. ದ್ವೀಪಗಳ ನೆಲದಲ್ಲಿ ಸುಮಾರು ಮೂರನೇ ಎರಡು ಭಾಗ ರಕ್ಷಿತ, ರಾಷ್ಟ್ರೀಯ ಉದ್ಯಾನಗಳೇ ಏಳು. ಅದೇ ಸಂಸ್ಥೆಯ 'ಸ್ವಾಲ್ಬಾರ್ಡ್‌ಕಾರ್ಟೆ' ಎಂಬ ಇನ್ನೊಂದು ನಕ್ಷೆಯಲ್ಲಿ ಆ ಗಡಿಗಳಿವೆ. ಸ್ವಂತವಾಗಿ ಓಡಾಡುವವರು ಊರುಗಳ ಸುತ್ತಲಿನ 10ನೇ ನಿರ್ವಹಣಾ ವಲಯದ ಆಚೆ ಹೋಗುವ ಮುನ್ನ ಸಿಸೆಲ್‌ಮೆಸ್ಟರ್ ಎಂಬ ರಾಜ್ಯಪಾಲರ ಕಚೇರಿಗೆ ತಿಳಿಸಬೇಕು, ರಕ್ಷಣಾ ಕಾರ್ಯದ ವೆಚ್ಚಕ್ಕೆ ವಿಮೆ ತೋರಿಸಬೇಕು. ಊರ ಹೊರಗೆ ಹಿಮಕರಡಿಯನ್ನು ಬೆದರಿಸುವ ಸಾಧನ ಇರಲೇಬೇಕು. 2025ರ ಜನವರಿ 1ರಿಂದ ಕರಡಿಗೆ 300 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಹಳೆಯ ಹೆಸರುಗಳ ಬೆನ್ನು ಹತ್ತಿ ಹೋಗುವವರಿಗೆ ಇನ್ನೊಂದು ಎಚ್ಚರಿಕೆ: 1897ರ ಜುಲೈ 11ರಂದು ಸ್ವೀಡನ್ನಿನ ಆಂಡ್ರೇ ಬಲೂನಿನಲ್ಲಿ ಧ್ರುವಕ್ಕೆ ಹೊರಟ ವಿರ್ಗೋಹಾಮ್ನಾದಲ್ಲಿ ಇಳಿಯಲು ಮೊದಲೇ ಅನುಮತಿ ಬೇಕು. ಅದಕ್ಕೂ ಒಂದು ವರ್ಷ ಮುಂಚೆ ಅವನನ್ನು ಕರೆತಂದ ಹಡಗು 'ವಿರ್ಗೋ', ಹೆಸರು ಬಂದದ್ದು ಅದರಿಂದ.

ಕನ್ನಡದಲ್ಲಿ ಬಳಸಿಕೊಳ್ಳುವವರಿಗೆ

ಸ್ಥಳನಾಮಗಳ ದತ್ತಾಂಶ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಪರವಾನಗಿಯಲ್ಲಿದೆ. ಸಂಸ್ಥೆಯ ಹೆಸರು ಹಾಕಿ ಎಲ್ಲಿ ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು. ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರು ಎಪಿಐ (ತಂತ್ರಾಂಶವೇ ನೇರವಾಗಿ ದತ್ತಾಂಶ ಕೇಳಿ ಪಡೆಯುವ ಬಾಗಿಲು) ಮೂಲಕ ಪಟ್ಟಿಯನ್ನೇ ಇಳಿಸಿಕೊಳ್ಳಬಹುದು. ಹೆಸರಿನ ಜೊತೆ 'ಫ್ಯೋರ್ಡೆನ್ ಫ್ಯೋರ್ಡ್', 'ಬ್ರೇನ್ ಹಿಮನದಿ' ಎಂದು ಎರಡೆರಡು ಸಲ ಬರೆಯುವುದನ್ನು ಪೂರ್ತಿ ತಪ್ಪಿಸಲಾಗದು. ಮೊದಲ ಸಲ ಹಾಗೆ ಬರೆದು ಆಮೇಲೆ ಬರೀ ಹೆಸರು ಹಾಕಿದರೆ ಓದಲು ಹಿತ.

ಇದೇ ಕೋಶದಲ್ಲಿ ಅಂಟಾರ್ಕ್ಟಿಕದ ನಾರ್ವೆ ಹಕ್ಕುಸಾಧನೆಯ ಭಾಗವಾದ ದ್ರೊನ್ನಿಂಗ್ ಮೌಡ್ ಲ್ಯಾಂಡ್ ಕೂಡ ಇದೆ, ಆದ್ದರಿಂದ ಹುಡುಕುವಾಗ ಪ್ರದೇಶವನ್ನು ಆರಿಸಿಕೊಳ್ಳಿ. ಇಲ್ಲದಿದ್ದರೆ ಎರಡು ಧ್ರುವಗಳ ಬೆಟ್ಟಗಳೂ ಒಂದೇ ಪಟ್ಟಿಯಲ್ಲಿ ಬರುತ್ತವೆ. 1939ರ ಜನವರಿ 14ರಂದು ನಾರ್ವೆ ತನ್ನದೆಂದು ಸಾರಿದ ಈ ಭಾಗ 20 ಡಿಗ್ರಿ ಪಶ್ಚಿಮದಿಂದ 45 ಡಿಗ್ರಿ ಪೂರ್ವದವರೆಗೆ ಹರಡಿದೆ. ಭಾರತದ 'ಮೈತ್ರಿ' ಕೇಂದ್ರ 11 ಡಿಗ್ರಿ 44 ಮಿನಿಟು ಪೂರ್ವದಲ್ಲಿ, ಇದರೊಳಗೇ ಇದೆ. ಅದು ನಿಂತ ಬಂಡೆನೆಲದ ಹೆಸರು ಕೋಶದಲ್ಲಿ 'ಶಿರ್ಮಾಖರ್‌ಓಆಸೆನ್' ಎಂಬ ನಾರ್ವೇಜಿಯನ್ ರೂಪದಲ್ಲಿ ಸಿಗುತ್ತದೆ, 1938–39ರ ಜರ್ಮನ್ ಯಾತ್ರೆಯ ಪೈಲಟ್ ಒಬ್ಬನ ಹೆಸರದು. 'ಭಾರತಿ' ಕೇಂದ್ರ 76 ಡಿಗ್ರಿ ಪೂರ್ವದಲ್ಲಿರುವುದರಿಂದ ಇಲ್ಲಿ ಹುಡುಕಿ ಫಲವಿಲ್ಲ. ಅದಕ್ಕೂ, ಮೈತ್ರಿಯ ಪಕ್ಕದ ಪ್ರಿಯದರ್ಶಿನಿ ಸರೋವರದಂಥ ಭಾರತೀಯ ಹೆಸರುಗಳಿಗೂ ಅಂಟಾರ್ಕ್ಟಿಕ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿ ಸ್ಕಾರ್‌ನ ಸಂಯುಕ್ತ ಸ್ಥಳನಾಮ ಕೋಶಕ್ಕೆ ಹೋಗಬೇಕು. ಅಲ್ಲಿ ಹೆಸರು ಒಪ್ಪುವ ಒಬ್ಬ ಯಜಮಾನ ಇಲ್ಲ; ಒಂದೇ ಬಂಡೆಗೆ ನಾಲ್ಕು ದೇಶಗಳು ನಾಲ್ಕು ಹೆಸರಿಟ್ಟಿದ್ದರೆ ನಾಲ್ಕೂ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಅವು ಒಂದೇ ಜಾಗದವೆಂದು ತಿಳಿಯುವುದು ಭೂಲಕ್ಷಣದ ಗುರುತು ಸಂಖ್ಯೆಯಿಂದ. ಹೆಸರನ್ನು ಬರೆದುಕೊಳ್ಳುವಾಗ ಆ ಸಂಖ್ಯೆಯನ್ನೂ ಬರೆದುಕೊಳ್ಳಿ.